ಕೊನೆಯ ಸಾಲಿಗೆ ಕೇಳಿಸುವ ಹಾಗೆ

ಸರ್ಕಾರಿ ಸಮಾರಂಭಗಳಿಗೆ ನಿರೂಪಣೆ ಮಾಡಿ ಹೊಟ್ಟೆ ಹೊರೆಯುವವಳು ನಾನು. ಗಣ್ಯರು ಬರುವುದು ತಡವಾದಷ್ಟೂ ‘ಇನ್ನು ಕೆಲವೇ ಕ್ಷಣಗಳಲ್ಲಿ’ ಎಂದು ನಗುನಗುತ್ತಾ ಸಭಿಕರ ಕಿವಿಗೆ ಹೂವಿಡುವುದು ನನ್ನ ಕಸುಬು. ನಾನು ನಿಲ್ಲುವ ಜಾಗದಿಂದ ಸ್ವಲ್ಪವೇ ದೂರದಲ್ಲಿ, ವೇದಿಕೆಯ ಮೆಟ್ಟಿಲ ಪಕ್ಕ, ಕಪ್ಪು ಬಟ್ಟೆ ಹೊದಿಸಿದ ಮೇಜಿನ ಹಿಂದೆ ಮೈಕಣ್ಣ ಕೂತಿರುತ್ತಾರೆ. ಬಿಲ್ಲಿನ ಮೇಲೆ ಅವರಿಗೊಂದು ಹೆಸರಿದೆ, ಅದು ಖಜಾನೆಯವರಿಗಷ್ಟೇ ಗೊತ್ತು. ಜವಾನನಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಲ್ಲರ ಬಾಯಲ್ಲೂ ಅವರು ಮೈಕಣ್ಣ. ನನಗಂತೂ ಒಡಹುಟ್ಟದಿದ್ದರೂ ಅಣ್ಣನೇ. ಬೈಯುವ ಹಕ್ಕನ್ನು ಇಬ್ಬರೂ ಧಾರಾಳವಾಗಿ ಚಲಾಯಿಸಿದ್ದೇವೆ.

ಕಡ್ಡಿಯಂಥ ಮನುಷ್ಯ. ಕಪ್ಪು ಟೇಪನ್ನು ಮೊದಲೇ ತುಂಡು ತುಂಡಾಗಿ ಹರಿದು ಎಡಗೈ ಉದ್ದಕ್ಕೂ ಅಂಟಿಸಿಕೊಂಡಿರುತ್ತಾರೆ, ಎಲ್ಲಿ ವೈರು ನೆಲದಿಂದ ಎದ್ದರೂ ಅಲ್ಲಿ ಚಪ್ಪನೆ ಒತ್ತಿಬಿಡಲು. ಕೆಲಸ ಮುಗಿದ ಮೇಲೆ ಉಳಿದ ತುಂಡುಗಳನ್ನು ಕಿತ್ತರೆ ಕೂದಲೂ ಕಿತ್ತು ಬರುತ್ತದೆ. “ಸರ್ಕಾರದ ಕೆಲಸ ಅಂದ್ರೆ ಸುಮ್ನೇನಾ, ಚರ್ಮಾನೇ ಸುಲಿಯುತ್ತೆ” ಎನ್ನುತ್ತಾರೆ. ಅವರ ಸ್ಪೀಕರಿನಲ್ಲಿ ಗೊಂಯ್ ಎನ್ನುವ ಸದ್ದನ್ನಾಗಲೀ, ಭಾಷಣದ ನಡುವೆ ಮೈಕು ಸತ್ತುಹೋದದ್ದನ್ನಾಗಲೀ ಯಾರೂ ಕಂಡು ಕೇಳಿರಲಿಲ್ಲ. ಅದಕ್ಕೇ ಇಲಾಖೆ ಬೇರೆಯವರನ್ನು ಹುಡುಕುವ ಗೋಜಿಗೆ ಹೋಗಲಿಲ್ಲ.

ಮೈಕು ಸರಿಯಿದೆಯೋ ಇಲ್ಲವೋ ನೋಡಲು ಎಲ್ಲರೂ ‘ಹಲೋ, ಒಂದು, ಎರಡು, ಮೂರು’ ಎನ್ನುತ್ತಾರಲ್ಲ, ಮೈಕಣ್ಣನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. “ಒಂದು ಎರಡು ಮೂರು ಅಂದ್ರೆ ಯಾರಿಗೂ ಹೇಳಿದ ಹಾಗಾಗಲ್ಲಮ್ಮ. ಮಾತು ಅಂದ್ಮೇಲೆ ಯಾರಿಗಾದ್ರೂ ಹೇಳ್ಬೇಕು. ಆಗ್ಲೇ ತಲುಪ್ತೋ ಇಲ್ವೋ ಗೊತ್ತಾಗೋದು” ಎನ್ನುತ್ತಿದ್ದರು. ಅವರು ಹೇಳುತ್ತಿದ್ದದ್ದು ಮಗಳಿಗೆ. ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳುವವರಿಲ್ಲದ ಕಾರಣ ಆ ಹುಡುಗಿ ಅಪ್ಪನ ಜೊತೆಗೇ ಸಭಾಂಗಣಗಳಿಗೆ ಬರುತ್ತಿತ್ತು. ಶಾಲೆಯ ದಾಖಲೆಯಲ್ಲಿ ಏನೋ ಉದ್ದದ ಹೆಸರು, ಮನೆಯಲ್ಲಿ ಚೂಟಿ. ಖಾಲಿ ಸಭಾಂಗಣದ ಕಟ್ಟಕಡೆಯ ಸಾಲಿನಲ್ಲಿ, ಕಾಲು ನೆಲಕ್ಕೆ ಮುಟ್ಟದ ಕುರ್ಚಿಯಲ್ಲಿ ಕೂತು ಅದು ಲೆಕ್ಕ ಬರೆಯುತ್ತಿತ್ತು. ಅಪ್ಪ ಮೈಕು ಹಿಡಿದು ಕೇಳುತ್ತಿದ್ದರು:

“ಚೂಟೀ, ಕೇಳ್ತಿದೆಯಾ?”

“ಕೇಳ್ತಿದೆಯಪ್ಪಾ!”

ಕೆಲವು ಸಲ, “ಇಲ್ಲಪ್ಪಾ, ಗೊರಗೊರ ಅಂತಿದೆ!”

“ಅದು ನಿನ್ನ ಹೊಟ್ಟೆ ಸದ್ದು ಕಣೇ, ಹಸಿವಾಗಿರ್ಬೇಕು!”

ಆ ಹೊತ್ತಿಗೆ ಅಲ್ಲಿ ಕುರ್ಚಿ ಒರೆಸುವವರು, ಪರದೆ ಕಟ್ಟುವವರು, ನಾನು, ಎಲ್ಲರೂ ನಗುತ್ತಿದ್ದೆವು. ಕೊನೆಯ ಸಾಲಿನಿಂದ ಚೂಟಿ ಸೈ ಅಂದ ಮೇಲೇ ಅವರ ಬೆರಳು ಗುಂಡಿ ಬಿಡುತ್ತಿದ್ದದ್ದು.

ಚೂಟಿ ಬೆಳೆದು ಔಷಧಿ ಕಂಪನಿಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದಳು. ಮಾತ್ರೆಯ ಹಾಳೆಗಳನ್ನು ಡಬ್ಬಿಗೆ ತುಂಬುವ ಕೆಲಸ. ಅಲ್ಲಿನ ಹಿಂಬಾಗಿಲಿಗೆ, ಬೆಂಕಿ ಬಿದ್ದರೆ ಓಡಬೇಕಾದ ಬಾಗಿಲಿಗೆ, ಕಳ್ಳತನದ ಭಯದಿಂದ ಬೀಗ ಜಡಿದಿದ್ದರು. ಒಂದು ದಿನ ಯಂತ್ರದಿಂದ ಹೊಗೆ ಎದ್ದು, ಹೆಂಗಸರು ಆ ಬಾಗಿಲ ಬಳಿ ಒಬ್ಬರ ಮೇಲೊಬ್ಬರು ಬಿದ್ದು, ಬಸುರಿಯೊಬ್ಬಳಿಗೆ ಪೆಟ್ಟಾಯಿತು. ಬೀಗ ತೆಗೆಯಿರಿ ಎಂದು ಎಲ್ಲರೂ ಕಂಪನಿಯ ಗೇಟಿನೆದುರು ಕೂತರು. ಚೂಟಿ ಅಪ್ಪನ ಮೈಕ್‌ಸೆಟ್ ಬಾಡಿಗೆ ಅಂಗಡಿಗೆ ಬಂದು, ಬಾಯಿಗೆ ಹಿಡಿದು ಕೂಗುವ ಬ್ಯಾಟರಿ ಹಾರ್ನು ಬೇಕು ಅಂದಳು. ಮೈಕಣ್ಣ ಹೊಸ ಬ್ಯಾಟರಿ ಹಾಕಿ, ಹಿಡಿಕೆಯ ಸುತ್ತ ಅಂಗಡಿಯ ಗುರುತಿನ ನೀಲಿ ಬಣ್ಣದ, ಬಳೆಯಂಥ ಪಟ್ಟಿ ಬಳಿದು ಕೊಟ್ಟರು. “ಬಾಯಿಗೆ ತೀರಾ ಹತ್ತಿರ ಹಿಡೀಬೇಡ, ಮಾತು ಒಡೆಯುತ್ತೆ” ಎಂದೂ ಹೇಳಿಕೊಟ್ಟರು. ಮಗಳಿಗೆ ಅವರು ಹೇಳಿದ ಕೊನೆಯ ಮಾತು ಅದು. ಮಾರನೇ ದಿನ ಗೇಟಿನ ಹತ್ತಿರ ಪೊಲೀಸ್ ವ್ಯಾನು ಬಂತು. ಚೂಟಿಯ ಜೊತೆ ಅದರಲ್ಲಿ ತುಂಬಿಕೊಂಡು ಹೋದ ಬೇರೆ ಹುಡುಗಿಯರು ವಾರದೊಳಗೆ ಮೈಕೈ ಊದಿಸಿಕೊಂಡು ವಾಪಸ್ಸು ಬಂದರು. ಚೂಟಿ ಬರಲಿಲ್ಲ.

ಠಾಣೆಯಲ್ಲಿ, ಆ ಹೆಸರಿನವರು ಯಾರೂ ಇಲ್ಲಿಗೆ ಬಂದೇ ಇಲ್ಲ ಅಂದರು. ಹಾಗನ್ನುತ್ತಿದ್ದ ಪೇದೆಯ ತಲೆಯ ಹಿಂದೆ, ಕಪಾಟಿನ ಮೇಲೆ, ನೀಲಿ ಬಳೆಯ ಹಾರ್ನು ಕೂತಿತ್ತು.

“ಅದು ನನ್ನದು ಸ್ವಾಮಿ” ಅಂದರು ಮೈಕಣ್ಣ.

“ಹಾರ್ನೆಲ್ಲ ಒಂದೇ ಥರ ಇರುತ್ತೆ, ಹೋಗಯ್ಯಾ” ಅಂದ ಪೇದೆ. ಮುಂದಿನ ಸಲ ಹೋದಾಗ ಕಪಾಟೂ ಖಾಲಿ.

ಇಷ್ಟಾದ ಮೇಲೂ ಅದೇ ಸರ್ಕಾರದ ಬಾಯಿಗೆ ಮೈಕು ಹಿಡಿಯಲು ಹೇಗೆ ಮನಸ್ಸು ಬರುತ್ತದೆ ಎಂದು ಒಮ್ಮೆ ನಾನೇ ಎಗರಾಡಿದ್ದೆ. ಅದರಲ್ಲೂ ಪ್ರತಿವರ್ಷ ಡಿಸೆಂಬರ್ ಹತ್ತರ ಆ ಸಮಾರಂಭ! ಜಗತ್ತಿನ ದೇಶಗಳೆಲ್ಲ ಸೇರಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿಕೊಂಡ ದಿನವಂತೆ. ನಮ್ಮ ಸರ್ಕಾರ ಅದನ್ನು ಬಲೂನು ಬಿಟ್ಟು ಆಚರಿಸುತ್ತದೆ. ಒಂದು ವರ್ಷ ಪಾರಿವಾಳ ಹಾರಿಸಿದರು. ಪಂಜರ ತೆರೆದರೂ ಅವು ಹೊರಗೆ ಬರಲೊಲ್ಲದೆ ಕೂತವು, ಪೊಲೀಸಿನವರೇ ಲಾಠಿಯಿಂದ ತಿವಿದು ಹೊರಡಿಸಬೇಕಾಯಿತು. ಇನ್ನೊಂದು ವರ್ಷ ಅಂಚೆಚೀಟಿ, ಮತ್ತೊಂದು ವರ್ಷ ಓಟ. ಸರಪಳಿ ಮುರಿದ ಕೈಗಳ ಚಿತ್ರ ಬಿಡಿಸಿದ ಮಕ್ಕಳಿಗೆ ಬಹುಮಾನ ಕೊಡುವವರು ಆ ಠಾಣೆಯ ಮೇಲಧಿಕಾರಿಗಳು. ನಾನು ಮಾತ್ರ ಸಾಚಾ ಎಂದಲ್ಲ, ನಾನೂ ಅಲ್ಲೇ ನಿಂತು ‘ಐತಿಹಾಸಿಕ ಕ್ಷಣ’ ಎಂದು ಕೂಗುತ್ತೇನೆ. ಆದರೆ ನನ್ನ ಮಗಳಲ್ಲವಲ್ಲ ಹೋದದ್ದು.

ಆಗ ಮೈಕಣ್ಣ ತಮ್ಮ ಮೇಜಿನ ಮೇಲಿನ ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದರು. ವೇದಿಕೆಯ ಮೇಲೆ ಇಬ್ಬರು ದೊಡ್ಡ ಸಾಹೇಬರು ಪಿಸುಗುಡುತ್ತಿದ್ದದ್ದು ನನ್ನ ಕಿವಿಯೊಳಗೇ ಕೂತು ಮಾತಾಡಿದ ಹಾಗೆ ಕೇಳಿಸಿತು. ಸಭೆಗೆ ಮುಚ್ಚಿದ ಮೈಕು ಮೈಕಿನವನ ಕಿವಿಗೆ ತೆರೆದೇ ಇರುತ್ತದೆ ಎಂಬುದು ಆವರೆಗೂ ನನಗೆ ಗೊತ್ತಿರಲಿಲ್ಲ, ಆ ಸಾಹೇಬರಿಗೂ ಗೊತ್ತಿರಲಿಲ್ಲ.

“ಇವರ ಬಾಯಿಂದ ಎಂದಾದ್ರೂ ಒಂದು ದಿನ ಬೀಳುತ್ತೆ ಕಣಮ್ಮ. ‘ಆ ಹುಡುಗಿ’ ಅಂತ ಒಂದು ಮಾತು. ಎಲ್ಲಿಟ್ಟಿದ್ದಾರೆ ಅಂತ. ನಾನಿಲ್ಲದಾಗ ಬಿದ್ರೆ?”

ವರ್ಷಾನುಗಟ್ಟಲೆ ಅವರು ಹಾಗೆ ಕಿವಿಗೊಟ್ಟು ಕೂತರು. ಮಂಡಿನೋವು, ವರ್ಗಾವಣೆ, ಅಳಿಯನ ಬುದ್ಧಿಗೇಡಿತನ, ಊಟಕ್ಕೆ ಎಷ್ಟು ಹೊತ್ತಿದೆ ಎಂಬ ವಿಚಾರ, ಸರ್ಕಾರದ ಒಳಗುಟ್ಟೆಂದರೆ ಬಹುಪಾಲು ಇಷ್ಟೇ ಎಂದು ನಂತರ ನನಗೆ ಹೇಳಿ ನಗಿಸುತ್ತಿದ್ದರು. ಮಗಳ ಸುದ್ದಿ ಒಂದು ಸಲವೂ ಬೀಳಲಿಲ್ಲ. ಆದರೂ ಪ್ರತಿ ಸಮಾರಂಭಕ್ಕೆ ಮುಂಚೆ, ಖಾಲಿ ಸಭಾಂಗಣದ ಕೊನೆಯ ಸಾಲಿನ ಕಡೆ ಮುಖ ಮಾಡಿ ಮೈಕಿನಲ್ಲಿ ಕೇಳುವುದನ್ನು ಅವರು ಬಿಡಲಿಲ್ಲ.

“ಚೂಟೀ, ಕೇಳ್ತಿದೆಯಾ?”

ಕೇಳಿ, ಉತ್ತರ ಬರಲು ಹಿಡಿಯುವಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ ಗುಂಡಿ ತಿರುಗಿಸುತ್ತಿದ್ದರು. ಆ ಹೊತ್ತಿನಲ್ಲಿ ಕುರ್ಚಿ ಒರೆಸುವವರು ಬಟ್ಟೆ ಹಿಡಿದು ಹಾಗೇ ನಿಂತಿರುತ್ತಿದ್ದರು. ಯಾರಿಗೂ ನಗು ಬರುತ್ತಿರಲಿಲ್ಲ. ನಾನು ಕಾಗದ ಹುಡುಕುವವಳ ಹಾಗೆ ಚೀಲದೊಳಗೆ ತಲೆ ತೂರಿಸುತ್ತಿದ್ದೆ.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಕೋಣೆಯಷ್ಟು ದೊಡ್ಡ ಯಂತ್ರಗಳ ನಡುವೆ ನಿಂತು ನಿಂತು ಬಲಗಿವಿ ಪೂರಾ ಹೋಗಿದೆ, ಎಡಗಿವಿ ಅಷ್ಟಕ್ಕಷ್ಟೆ. ಗಂಡ ಊರಿಗೆಲ್ಲ ಕೇಳಿಸುವವನು, ಹೆಂಡತಿಗೆ ಕೇಳಿಸಬೇಕಾದರೆ ಮೂರು ಸಲ ಕೂಗಬೇಕು ಎಂದು ಅತ್ತಿಗೆಯೇ ತಮಾಷೆ ಮಾಡುತ್ತಿದ್ದರು, ಮೊದಲು. ಚೂಟಿ ಹೋದ ಮೇಲೆ ಆಕೆ ಕಚೇರಿ ಕಚೇರಿ ಸುತ್ತಿದರು. ‘ನಿಮಗೆ ಮಗಳಿದ್ದಳು ಅನ್ನೋದಕ್ಕೆ ಏನು ಗ್ಯಾರಂಟಿ’ ಎಂದು ಕೇಳಿದ ಪುಣ್ಯಾತ್ಮರೂ ಇದ್ದರು. ಯಾರೊಂದಿಗೋ ಓಡಿಹೋಗಿರಬೇಕು ಎಂದು ಮೂಗು ಮುರಿದ ನೆಂಟರಿಗಂತೂ ಲೆಕ್ಕವಿಲ್ಲ.

ಸರ್ಕಾರ ಬದಲಾಯಿತು. ಹಳೆಯ ಸರ್ಕಾರದ ಮುಖಕ್ಕೆ ಮಸಿ ಬಳಿಯುವ ಉತ್ಸಾಹದಲ್ಲಿ ಹೊಸಬರು ಒಂದು ವಿಚಾರಣಾ ಆಯೋಗ ಮಾಡಿದರು. ಮಾನವ ಹಕ್ಕುಗಳ ಘೋಷಣೆಗೆ ಎಪ್ಪತ್ತೈದು ವರ್ಷ ತುಂಬಿದ ಸಲ ಬಲೂನು ಸಾಲದು, ಏನಾದರೂ ಘನವಾದದ್ದು ಬೇಕು ಎಂದಾಯಿತು. ಆಯೋಗದ ವರದಿಯ ಪ್ರಕಾರ ಪೊಲೀಸ್ ವಶದಲ್ಲಿ ಸತ್ತವರ ಹೆಸರುಗಳನ್ನು ಮಂತ್ರಿಗಳೇ ವೇದಿಕೆಯ ಮೇಲೆ ಓದಿ ವಿಷಾದ ಸೂಚಿಸುವುದು ಎಂದು ತೀರ್ಮಾನವಾಯಿತು. ಮನೆಯವರ ಒಪ್ಪಿಗೆ ಪಡೆಯಲು ಇಲಾಖೆಯಿಂದ ಇಬ್ಬರು ಹೊರಟರು. ಮೈಕಣ್ಣನ ಮನೆ ತೋರಿಸಲು ನನ್ನನ್ನೂ ಜೊತೆಗೆ ಕರೆದರು.

ಒಂದೇ ಕೋಣೆಯ ಮನೆ. ಗೋಡೆಯುದ್ದಕ್ಕೂ ಸ್ಪೀಕರು ಪೆಟ್ಟಿಗೆಗಳು. ಬಂದವರು ಅವುಗಳ ಮೇಲೇ ಕೂತರು. ಬಂದ ಅಧಿಕಾರಿ ಒಳ್ಳೆಯವಳೇ, ಚಿಕ್ಕ ವಯಸ್ಸು. ವ್ಯಾನು ಬಂದ ವಾರದಲ್ಲೇ, ಠಾಣೆಯಲ್ಲೇ, ಎಂದು ವರದಿಯಲ್ಲಿದೆ ಅಂದಳು. ಆಮೇಲೆ ಎಲ್ಲಿಗೆ ಸಾಗಿಸಿದರು ಎನ್ನುವುದು ಗೊತ್ತಾಗಿಲ್ಲ ಅಂದಳು. ಅತ್ತಿಗೆಗೆ ಕೇಳಿಸಲೆಂದು ಅದನ್ನು ಅವಳು ಗಟ್ಟಿಯಾಗಿ, ಎರಡೆರಡು ಸಲ ಹೇಳಬೇಕಾಯಿತು. ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಅತ್ತಿಗೆ ಅಳಲಿಲ್ಲ. “ಓದಲಿ” ಅಂದರು.

ಮೈಕಣ್ಣ ಎದ್ದು ನಿಂತರು. “ಬೇಡ ಕಣೆ. ಅವರು ಓದಿದ್ರೆ ಅವಳು ಹೋದ್ಲು ಅಂತ ಆಗಿಬಿಡುತ್ತೆ.”

“ಓದದಿದ್ರೆ ಇದಾಳಾ?”

“ಯಾರಿಗೆ ಗೊತ್ತು? ಎಲ್ಲಿಟ್ಟಿದ್ದೀವಿ ಅಂತ ಇವರಿಗೇ ಗೊತ್ತಿಲ್ಲವಂತೆ.”

“ಹತ್ತು ವರ್ಷ ‘ನಿಮ್ಮ ಮಗಳು ಇಲ್ಲಿಗೆ ಬಂದೇ ಇಲ್ಲ’ ಅಂದ ಬಾಯಿ ಅದು. ಬಂದಿದ್ಲು, ನಾವೇ ಕೊಂದ್ವಿ ಅಂತ ಅದೇ ಬಾಯಲ್ಲಿ ಬರಲಿ. ನಾನು ನನ್ನ ಕಿವಿಯಾರೆ ಕೇಳ್ಬೇಕು. ಆಮೇಲೆ ನಾನು ಎಲ್ಲಿ ಬೇಕಾದ್ರೂ ಕೂತು ಅಳ್ತೀನಿ. ಈಗ ಅಳೋದಕ್ಕೂ ನನಗೆ ಅಧಿಕಾರ ಇಲ್ಲ, ಹೋದವಳೋ ಇರೋವಳೋ ಗೊತ್ತಿಲ್ಲದೆ ಯಾವ ಬಾಯಲ್ಲಿ ಅಳಲಿ?”

ಮೈಕಣ್ಣ ಹೊರಗೆ ಹೋಗಿ, ಚೆನ್ನಾಗಿಯೇ ಇದ್ದ ಕರೆಗಂಟೆಯನ್ನು ಬಿಚ್ಚಿ ರಿಪೇರಿಗೆ ಕೂತರು. ಅತ್ತಿಗೆ ಒಪ್ಪಿಗೆಗೆ ಸಹಿ ಹಾಕಿದರು. ಅಂದಿನಿಂದ ಆ ಮನೆಯಲ್ಲಿ ಒಂದೇ ಹೆಣ್ಣುಮಗುವಿಗೆ ಒಬ್ಬರು ಸತ್ತ ಮಗಳ ತಾಯಿ, ಇನ್ನೊಬ್ಬರು ಬದುಕಿರುವ ಮಗಳ ತಂದೆ. ಜಗಳವಾಡಲಿಲ್ಲ, ಅಷ್ಟೇ. ಜಗಳವಾಡಿದ್ದರೆ ವಾಸಿಯಿತ್ತು.

ಸಮಾರಂಭದ ದಿನ ಮೈಕಣ್ಣ ಬೆಳಿಗ್ಗೆ ಬೇಗನೇ ಬಂದಿದ್ದರು. ಕೆಲಸಕ್ಕೆ ಬರುವುದಿಲ್ಲ ಅನ್ನುತ್ತಾರೇನೋ ಎಂದು ನಾನು ಹೆದರಿದ್ದೆ. ಆದರೆ ಹೆಂಡತಿ ಕಿವಿಯಾರೆ ಕೇಳಬೇಕು ಎಂದ ಮೇಲೆ ಬೇರೆ ಯಾರ ಕೈಗೂ ಅವರು ಆ ಮೈಕು ಕೊಡುವವರಲ್ಲ. ಅತ್ತಿಗೆಯ ಕುರ್ಚಿ ಮುಂದಿನ ಸಾಲಿನ ಅಂಚಿನಲ್ಲಿತ್ತು. ಅದರ ಎದುರಿಗೆ, ಎಡಗಿವಿಗೆ ನೇರವಾಗಿ, ಆಕೆಯೊಬ್ಬರಿಗೇ ಎಂದು ಒಂದು ಪುಟ್ಟ ಸ್ಪೀಕರು ಇಟ್ಟಿದ್ದರು. ತಾವೇ ಆ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಮುಂದಕ್ಕೆ ಮಾಡಿ, ಪೆಟ್ಟಿಗೆಯ ಕೆಳಗೆ ರಟ್ಟಿನ ಚೂರು ತುರುಕಿ, ಕೋನ ಸರಿಮಾಡಿದ್ದರು. ಗಣ್ಯರಿಗೂ ಇಲ್ಲದ ಮರ್ಯಾದೆ ಅದು.

ಆಮೇಲೆ ಎಂದಿನಂತೆ ಮೈಕು ಹಿಡಿದರು. “ಚೂಟೀ, ಕೇಳ್ತಿದೆಯಾ?” ಎಂದರು. ಅವತ್ತು ಕಾದದ್ದು ಬಹಳ ಹೊತ್ತು. ಪರದೆ ಕಟ್ಟುವವನು ಏಣಿಯ ಮೇಲಿಂದ ಕೆಮ್ಮಿದ.

ಅತ್ತಿಗೆ ಆಸ್ಪತ್ರೆಯಿಂದ ಅರ್ಧ ದಿನ ರಜೆ ಹಾಕಿ ಬಂದರು. ಕೈಗಳಿಂದ ಬ್ಲೀಚಿನ ವಾಸನೆ ಹೋಗಿರಲಿಲ್ಲ. ತಮ್ಮೆದುರಿನ ಪುಟ್ಟ ಸ್ಪೀಕರು ನೋಡಿ, ಗಂಡನ ಕಡೆ ತಿರುಗಿ, ಇದು ನನಗಾ ಎನ್ನುವಂತೆ ಎದೆ ಮುಟ್ಟಿ ತೋರಿಸಿದರು. ಮೈಕಣ್ಣ ಹೌದೆಂದು ತಲೆಯಾಡಿಸಿದರು. ಎಷ್ಟೋ ವಾರಗಳ ನಂತರ ಅವರಿಬ್ಬರು ಒಬ್ಬರನ್ನೊಬ್ಬರು ಹಾಗೆ ನೋಡಿದ್ದನ್ನು ನಾನು ಕಂಡೆ, ಮನಸ್ಸಿಗೆ ಹಿತವಾಯಿತು. ಎಲ್ಲ ಸರಿಹೋಗುತ್ತದೆ ಅಂದುಕೊಂಡೆ.

ಕಾರ್ಯಕ್ರಮ ನಡೆಸುವ ಅಧಿಕಾರಿಗೆ ನಾವು ನಿಮಿಷ ಸಾಹೇಬರು ಎನ್ನುತ್ತೇವೆ. ಯಾವ ನಿಮಿಷಕ್ಕೆ ಯಾರು ಏಳಬೇಕು, ಯಾರು ಕೂರಬೇಕು ಎಂದು ಬರೆದ ಹಾಳೆ ಅವರ ಕೈ ಬಿಡುವುದಿಲ್ಲ. ಅವತ್ತು ವಿದೇಶದ ಅತಿಥಿಯೊಬ್ಬರಿದ್ದರು, ಅವರಿಗೆ ವಿಮಾನದ ಹೊತ್ತಾಗುತ್ತಿತ್ತು. ಪ್ರತಿಜ್ಞಾವಿಧಿ, ಶಾಲಾ ಮಕ್ಕಳ ಗಾಯನ, ಫಲಕದ ಅನಾವರಣ ಎಲ್ಲ ಹಿಗ್ಗಿ, ಸತ್ತವರಿಗೆ ಉಳಿದದ್ದು ಕೊಂಚವೇ ಸಮಯ. ಒಂದು ನಿಮಿಷದ ಮೌನ ಉಸಿರು ಬಿಡುವುದರೊಳಗೆ ಮುಗಿಯಿತು. ಮಂತ್ರಿಗಳು ಕನ್ನಡಕ ಹಾಕಿಕೊಂಡು ಓದತೊಡಗಿದರು.

“ರಾಜ್ಯದ ವಶದಲ್ಲಿದ್ದಾಗ ಪ್ರಾಣ ಕಳೆದುಕೊಂಡ ಈ ಕೆಳಕಂಡವರ ಬಗ್ಗೆ ಸರ್ಕಾರವು ವಿಷಾದ ವ್ಯಕ್ತಪಡಿಸುತ್ತದೆ.”

ಕೆಳಕಂಡವರು! ಬಾಯಲ್ಲಿ ಓದುವ ಮಾತನ್ನಾದರೂ ತಿದ್ದಿಕೊಳ್ಳಬಾರದೇ ಎಂದು ನನಗೆ ಮೈಯೆಲ್ಲ ಉರಿಯಿತು. ಒಂದೊಂದು ಹೆಸರಿಗೂ ಮುಂಚೆ ‘ದಿವಂಗತ’ ಎಂದು ಸೇರಿಸಿ ಅವರು ಓದುತ್ತಾ ಹೋದರು. ಒಂದೊಂದು ಹೆಸರು ಬಂದಾಗಲೂ ಸಭೆಯ ಎಲ್ಲೋ ಒಂದು ಕಡೆ ಯಾರೋ ಬಿಕ್ಕುತ್ತಿದ್ದರು. ಕೇಳಿದವರಿಗೆ ಅಷ್ಟಾದರೂ ಸಿಕ್ಕಿತು. ಅತ್ತಿಗೆ ಎಡಗಿವಿಯನ್ನು ಸ್ಪೀಕರಿನ ಕಡೆ ಚಾಚಿ ಕೂತಿದ್ದರು. ಚೂಟಿಯದು ಮುಂದಿನ ಹೆಸರು ಎಂದು ನನಗೆ ಗೊತ್ತಿತ್ತು, ನನ್ನ ಕೈಯಲ್ಲೂ ಒಂದು ಪ್ರತಿಯಿತ್ತು. ಮೈಕಣ್ಣನಿಗೂ ಗೊತ್ತಿತ್ತು.

“ದಿವಂಗತ” ಎಂದರು ಮಂತ್ರಿಗಳು.

ಅಲ್ಲಿಗೆ ಮೈಕು ನಿಂತುಹೋಯಿತು.

ನಾನು ಹತ್ತಿರ ನಿಂತಿದ್ದರಿಂದ ಮಂತ್ರಿಗಳ ಬರಿ ಗಂಟಲಿನಲ್ಲಿ ಆ ಉದ್ದದ ಹೆಸರು ಕೇಳಿಸಿತು. ಸಭೆಗೆ ತುಟಿ ಅಲುಗಿದ್ದು ಕಂಡಿರಬಹುದು, ಅಷ್ಟೇ. ಮರುಗಳಿಗೆಯಲ್ಲಿ ಮೈಕು ಮತ್ತೆ ಬಂತು, ಮುಂದಿನ ಹೆಸರು ಸ್ಪಷ್ಟವಾಗಿ ಇಡೀ ಸಭಾಂಗಣಕ್ಕೆ ಕೇಳಿಸಿತು. ನಾನು ಮೈಕಣ್ಣನತ್ತ ತಿರುಗಿದೆ. ಮಂತ್ರಿಗಳ ಮೈಕಿನ ಗುಂಡಿಯ ಮೇಲೆ ಅವರ ಬೆರಳು ಇನ್ನೂ ಇತ್ತು. ಅವರು ಆ ಬೆರಳನ್ನೇ ನೋಡುತ್ತಿದ್ದರು, ಬೇರೆ ಯಾರದೋ ಬೆರಳೆಂಬಂತೆ.

ನಾನು ನಿಮಿಷ ಸಾಹೇಬರ ಬಳಿಗೆ ಓಡಿದೆ. “ಒಂದು ಹೆಸರು ಕೇಳಿಸಲಿಲ್ಲ ಸಾರ್. ಮಂತ್ರಿಗಳಿಗೆ ಇನ್ನೊಂದು ಸಲ ಓದೋಕೆ ಹೇಳಿ. ಅವಳ ತಾಯಿ ಇಲ್ಲೇ ಕೂತಿದಾರೆ.”

“ಓದಿದ್ರಲ್ಲಮ್ಮ.”

“ಕೇಳಿಸಲಿಲ್ಲ ಅಂದೆ.”

“ಓದಲಾಗಿದೆ ಅಂತ ನಡಾವಳಿಯಲ್ಲಿ ಬರುತ್ತೆ. ಕೇಳಿಸಿತೋ ಇಲ್ವೋ ಅನ್ನೋದಕ್ಕೆ ಕಾಲಂ ಇಲ್ಲ.”

“ಹಾಗಾದ್ರೆ ನಾನೇ ಓದ್ತೀನಿ.”

“ನೀವು ಸರ್ಕಾರನಾ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅವರು ಬ್ಯಾಂಡಿನವರಿಗೆ ಕೈ ಎತ್ತಿದರು. ಕೊನೆಯ ಹೆಸರು ಮುಗಿದಿದ್ದೇ ತಡ ಕಹಳೆ ಮೊಳಗಿತು. ಅತಿಥಿ ಎದ್ದರು, ಅವರ ಹಿಂದೆ ಮಂತ್ರಿ, ಅವರ ಹಿಂದೆ ಕ್ಯಾಮೆರಾ. ನಿಮಿಷ ಸಾಹೇಬರು ಕೇಳಿದ್ದು ಹೊಟ್ಟೆ ಉರಿಸಿದರೂ ಒಂದು ಅರ್ಥದಲ್ಲಿ ನಿಜವೇ. ಅತ್ತಿಗೆಗೆ ಬೇಕಾಗಿದ್ದದ್ದು ನನ್ನ ಬಾಯಿಯಲ್ಲ.

ಸಭಾಂಗಣ ಖಾಲಿಯಾಯಿತು. ಕುರ್ಚಿ ಎತ್ತುವವರು ಹಿಂದಿನ ಸಾಲಿನಿಂದ ಶುರು ಮಾಡಿದರು. ಅತ್ತಿಗೆ ಮಾತ್ರ ಅಲ್ಲೇ ಕೂತಿದ್ದರು. ನಾನು ಹತ್ತಿರ ಹೋದಾಗ ನನ್ನ ಕೈ ಹಿಡಿದುಕೊಂಡರು.

“ಓದಿದ್ರಾ?”

“ಓದಿದ್ರು ಅತ್ತಿಗೆ. ನಾನು ಕೇಳಿದೆ.”

“ಹಾಗಾದ್ರೆ ನನ್ನ ಹಾಳು ಕಿವಿ” ಎಂದರು ಅತ್ತಿಗೆ. “ಎಲ್ಲರದೂ ಕೇಳಿಸ್ತು. ಯಾರ್ಯಾರ ಮಕ್ಕಳದ್ದೋ ಕೇಳಿಸ್ತು. ನನ್ನ ಮಗಳದು ಬಂದಾಗ್ಲೇ ಸತ್ತುಹೋಯ್ತಲ್ಲಮ್ಮ ಈ ಕಿವಿ! ಅವಳಪ್ಪ ನನಗೇ ಅಂತ ಪೆಟ್ಟಿಗೆ ಇಟ್ಟುಕೊಟ್ಟಿದ್ರು. ಅಷ್ಟು ಹತ್ತಿರ ಇಟ್ಟಿದ್ರು. ಆದ್ರೂ ಕೇಳಿಸಿಕೊಳ್ಳೋ ಯೋಗ್ಯತೆ ನನಗಿಲ್ಲದೆ ಹೋಯ್ತು.” ಹಾಗೆನ್ನುತ್ತಾ ತಮ್ಮ ಎಡಗಿವಿಗೆ ತಾವೇ ಅಂಗೈಯಿಂದ ಬಡಿದುಕೊಂಡರು. ಮತ್ತೆ ಮತ್ತೆ ಬಡಿದುಕೊಂಡರು. ನಾನು ಕೈ ಹಿಡಿಯಲು ಹೋದರೆ ಬಿಡಿಸಿಕೊಂಡರು. ನಿಜ ಹೇಳಿದರೆ ಗಂಡನನ್ನು ಹಿಡಿದುಕೊಟ್ಟಂತೆ, ಹೇಳದಿದ್ದರೆ ಆಕೆ ಆ ಕಿವಿಯನ್ನು ಕಿತ್ತುಹಾಕುತ್ತಾರೆ.

ಮೈಕಣ್ಣ ಮೇಜಿನ ಹಿಂದಿನಿಂದ ಎದ್ದು ಬಂದರು. ಅತ್ತಿಗೆಯ ಎದುರು ನೆಲದ ಮೇಲೆ, ಆ ಪುಟ್ಟ ಸ್ಪೀಕರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಹೆಂಡತಿಯ ಎರಡೂ ಕೈಗಳನ್ನು ಹಿಡಿದು ಕೆಳಗಿಳಿಸಿದರು.

“ನಿನ್ನ ಕಿವಿ ಅಲ್ಲ ಕಣೆ.”

“ಏನು?”

“ನಿನ್ನ ಕಿವಿ ಅಲ್ಲ. ನಾನು. ನಾನು ಮುಚ್ಚಿದೆ.”

ಆಕೆಗೆ ಅರ್ಥವಾಗಲಿಲ್ಲ. ಅವರು ಮೂರನೆಯ ಸಲ, ಗಟ್ಟಿಯಾಗಿ, ಕುರ್ಚಿ ಎತ್ತುವವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಬೇಕಾಯಿತು. “ಮೈಕು ಮುಚ್ಚಿದ್ದು ನಾನು! ‘ದಿವಂಗತ’ ಅಂದ್ಮೇಲೆ ಅವಳ ಹೆಸರು ಬರುತ್ತೆ ಅಂತ ಗೊತ್ತಾಯ್ತು, ಕೈ ತಾನಾಗೇ ಹೋಯ್ತು. ನನ್ನ ಪೆಟ್ಟಿಗೆಯಿಂದ, ನನ್ನ ವೈರಿನಿಂದ, ನನ್ನ ಮಗಳು ಸತ್ಲು ಅಂತ ಹೇಗೆ ಹೇಳಿಸಲಿ? ಹಾರ್ನು ಕೊಟ್ಟಿದ್ದೂ ನಾನೇ. ಇದನ್ನೂ ನಾನೇ ಹೇಗೆ ಮಾಡಲಿ?”

ಅತ್ತಿಗೆ ಅವರನ್ನು ನೋಡುತ್ತಲೇ ಇದ್ದರು. ಹೊಡೆಯುತ್ತಾರೇನೋ ಎಂದು ನನಗನ್ನಿಸಿತು. ಹೊಡೆದಿದ್ದರೂ ನಾನು ತಡೆಯುತ್ತಿರಲಿಲ್ಲ. ಅವರು ಗಂಡನ ತೋಳಿನ ಮೇಲೆ ಉಳಿದಿದ್ದ ಒಂದು ಟೇಪಿನ ತುಂಡನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದರು. ಬಹಳ ನಿಧಾನವಾಗಿ, ನೋವಾಗದ ಹಾಗೆ.

“ಸರ್ಕಾರ ಹೋಯ್ತು. ಇನ್ನು ಯಾವಾಗ ಬರುತ್ತೋ” ಎಂದರು. “ಹೋಗಿ ಆನ್ ಮಾಡಿ. ನೀವೇ ಓದಿ.”

“ನನ್ನ ಕೈಲಾಗಲ್ಲ.”

“ನನ್ನ ಕೈಲಾಗ್ತಿದೆಯಲ್ಲ. ಹತ್ತು ವರ್ಷದಿಂದ ನೀವು ಖಾಲಿ ಕುರ್ಚಿ ಹತ್ರ ಮಾತಾಡ್ತೀರಿ. ನಾನಿಲ್ಲಿ ಕೂತಿದೀನಿ. ನನಗೆ ಹೇಳಿ.”

ಮೈಕಣ್ಣ ಎದ್ದರು. ನಾನು ನನ್ನ ಪ್ರತಿಯನ್ನು ಅವರ ಮುಂದೆ ಹಿಡಿದೆ, ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಮೈಕು ಹಿಡಿದು ನಿಂತರು. ರೂಢಿಯಂತೆ ಮುಖ ಕೊನೆಯ ಸಾಲಿನ ಕಡೆ ತಿರುಗಿತು. ಅಲ್ಲಿ ಕುರ್ಚಿಗಳನ್ನು ಎತ್ತಿಯಾಗಿತ್ತು, ಬರೀ ನೆಲ. ಅವರು ಹೆಂಡತಿಯ ಕಡೆ ತಿರುಗಿದರು.

“ರಾಜ್ಯದ ವಶದಲ್ಲಿದ್ದಾಗ…” ಎಂದು ಶುರು ಮಾಡಿ ನಿಲ್ಲಿಸಿದರು. ಮತ್ತೆ ಶುರು ಮಾಡಿದರು. ದಿವಂಗತ ಎನ್ನುವಲ್ಲಿಗೆ ಬಂದಾಗ ದನಿ ಒಡೆದು, “ನಮ್ಮ ಚೂಟಿ” ಎಂದುಬಿಟ್ಟರು.

ಅತ್ತಿಗೆ ಕೂತಲ್ಲಿಂದಲೇ ಕೈ ಅಡ್ಡ ಆಡಿಸಿದರು. “ಹಾಗಲ್ಲ. ಅಪ್ಪನ ಹಾಗೆ ಬೇಡ. ಅವರ ಹಾಗೆ ಹೇಳಿ. ಪೂರಾ ಹೆಸರು ಹೇಳಿ.”

ಕುರ್ಚಿ ಎತ್ತುವವರು ಕೆಲಸ ನಿಲ್ಲಿಸಿ ಗೋಡೆಗೆ ಒರಗಿ ನಿಂತಿದ್ದರು. ಮೈಕಣ್ಣ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದು, ಮಾತು ಒಡೆಯದ ಹಾಗೆ, ಇಡೀ ವಾಕ್ಯವನ್ನು ಹೇಳಿದರು. ಠಾಣೆಗೆ ಬಂದೇ ಇಲ್ಲ ಎಂದು ಪೊಲೀಸರು ಹೇಳಿದ್ದ ಆ ಉದ್ದದ ಹೆಸರು ಆ ಖಾಲಿ ಸಭಾಂಗಣದ ಗೋಡೆಗೋಡೆಗೂ ತಲುಪಿತು. ಸರ್ಕಾರವು ವಿಷಾದ ವ್ಯಕ್ತಪಡಿಸುತ್ತದೆ ಎಂಬ ಮಾತನ್ನೂ ಅವರು ಬಿಡದೆ ಹೇಳಿದರು.

“ಕೇಳಿಸ್ತಾ?” ಎಂದು ಕೇಳಿದರು.

“ಕೇಳಿಸ್ತು” ಎಂದರು ಅತ್ತಿಗೆ. ಆಮೇಲೆ ಆಕೆ ಅಳತೊಡಗಿದರು. ಅಷ್ಟು ಗಟ್ಟಿಯಾಗಿ ಒಬ್ಬ ಹೆಂಗಸು ಅಳುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮೈಕಣ್ಣ ಮೈಕು ಕೆಳಗಿಟ್ಟು ಬಂದು ಹೆಂಡತಿಯ ಪಕ್ಕದಲ್ಲಿ ಕೂತರು. ನಾನು ಅವರಿಬ್ಬರನ್ನೂ ಬಿಟ್ಟು ಹೊರಗಿನ ಮೆಟ್ಟಿಲ ಮೇಲೆ ಕೂತು, ನಿಮಿಷ ಸಾಹೇಬರಿಂದ ಹಿಡಿದು ಜಗತ್ತಿನ ದೇಶಗಳವರೆಗೆ ಎಲ್ಲರಿಗೂ ಹಿಡಿಶಾಪ ಹಾಕಿ ನನ್ನ ಪಾಲಿನದನ್ನು ಅತ್ತೆ.

ಅದರ ನಂತರದ ಸಮಾರಂಭ ಯಾವುದೋ ರಸ್ತೆ ಸುರಕ್ಷತೆಯದ್ದು. ಮೈಕಣ್ಣ ಬಂದು ವೈರು ಎಳೆದರು, ಟೇಪು ಒತ್ತಿದರು. ಕುರ್ಚಿ ಒರೆಸುವವರು ಎಂದಿನಂತೆ ಬಟ್ಟೆ ಹಿಡಿದು ನಿಂತರು. ನಾನು ಚೀಲದೊಳಗೆ ತಲೆ ತೂರಿಸಿ ಕಾದೆ. ಮೈಕಣ್ಣ ಮೈಕು ಹಿಡಿದು, ಯಾವ ಸಾಲಿನ ಕಡೆಗೂ ನೋಡದೆ, ಕಾಲಬುಡದ ವೈರನ್ನು ನೋಡುತ್ತಾ ಹೇಳಿದರು:

“ಹಲೋ. ಒಂದು, ಎರಡು, ಮೂರು.”